ತುಟಿಯ ಮೇಲಿನ ಚುಕ್ಕೆಗಳು

ನಮ್ಮ ಮಗಳಿಗೆ ಎರಡು ವರ್ಷ ತುಂಬುವ ಹೊತ್ತಿಗೆ ಅವಳ ಕೆಳದುಟಿಯ ಮೇಲೆ ಸಾಸಿವೆ ಕಾಳಿನಷ್ಟು ಚಿಕ್ಕದಾದ ಕಪ್ಪು ಚುಕ್ಕೆಗಳು ಕಾಣಿಸಿಕೊಂಡವು. ಅಂಗಳದಲ್ಲಿ ನೇರಳೆ ಹಣ್ಣು ಉದುರುತ್ತಿದ್ದ ದಿನಗಳವು. ಹಣ್ಣಿನ ಕಲೆಯಿರಬಹುದೆಂದು ತೆಂಗಿನೆಣ್ಣೆ ಹಚ್ಚಿ ಮೆತ್ತನೆಯ ಬಟ್ಟೆಯಿಂದ ಒರೆಸಿದೆವು. ಹೋಗಲಿಲ್ಲ. ಮರುದಿನವೂ ಒರೆಸಿದೆವು. ಬಾಗಿಲ ಬಳಿ ಕುಳಿತು ನೋಡುತ್ತಿದ್ದ ಮಗಳ ಅಜ್ಜಿ, "ಅದು ಸೃಷ್ಟಿಸಿದವನೇ ಇಟ್ಟ ದೃಷ್ಟಿಬೊಟ್ಟು, ಒರೆಸಬೇಡಿ. ನಿನಗೂ ಇತ್ತು, ದೊಡ್ಡವಳಾದಾಗ ತಾನೇ ಹೋಯಿತು" ಎಂದರು. ಆ ಮಾತು ಹೇಳಿದ್ದು ತನ್ನ ಮಗಳಿಗೆ, ಎಂದರೆ ಈ ಮಗುವಿನ ತಾಯಿಗೆ. ನಾವಿಬ್ಬರೂ ನಕ್ಕು ಸುಮ್ಮನಾದೆವು. ಅಜ್ಜಿಯ ಆ ಒಂದು ವಾಕ್ಯದಲ್ಲಿ ನಮಗೆ ಬೇಕಾಗಿದ್ದ ವಿಷಯವೆಲ್ಲ ಇತ್ತು. ಅದು ನಮಗೆ ತಿಳಿಯಲು ಮತ್ತೆ ಐದು ವರ್ಷ ಹಿಡಿಯಿತು.

ಇಲ್ಲಿ ನಾವು ಎಂದರೆ ಆ ಮಗುವಿನ ತಂದೆ ಮತ್ತು ತಾಯಿ. ಒಂದೇ ಮೇಜಿನ ಮುಂದೆ ಕುಳಿತು ಬರೆದಿರುವುದರಿಂದ ಯಾರ ಮಾತು ಎಲ್ಲಿ ಮುಗಿಯಿತೆಂದು ಬೇರ್ಪಡಿಸಿಲ್ಲ. ಬರೆಯಬಹುದೇ ಎಂದು ಮಗಳನ್ನು ಕೇಳಿದ್ದೇವೆ; ಅವಳಿಗೆ ಈಗ ಹನ್ನೆರಡು. ಮುಂದೆ ಬರುವ ಇನ್ನೊಬ್ಬ ಹೆಣ್ಣುಮಗಳ ಒಪ್ಪಿಗೆಯನ್ನೂ ಪಡೆದಿದ್ದೇವೆ. ಮನೆಯ ಹಿರಿಯರೊಬ್ಬರು ಮಾತ್ರ ಇನ್ನೂ ಒಪ್ಪಿಲ್ಲ.

ಚುಕ್ಕೆಗಳು ವರ್ಷದಿಂದ ವರ್ಷಕ್ಕೆ ಹೆಚ್ಚಾದವು. ಕೆಳದುಟಿಯ ಮೇಲೆ ಸಾಲಾಗಿ, ಮೇಲ್ದುಟಿಯಲ್ಲಿ ಅಲ್ಲಲ್ಲಿ, ಮೂಗಿನ ಹೊಳ್ಳೆಗಳ ಸುತ್ತ ಒಂದೆರಡು, ಕೈಬೆರಳುಗಳ ತುದಿಯಲ್ಲಿ ಕೆಲವು. ಮದ್ರಸಾದ ಮಕ್ಕಳು ಅವಳಿಗೆ 'ಚುಕ್ಕಿ' ಎಂದು ಹೆಸರಿಟ್ಟರು. ಶಾಯಿ ಕುಡಿದಿದ್ದಾಳೆಂದು ಒಬ್ಬ ಹುಡುಗ ಹೇಳಿದ ದಿನ ಅವಳು ತುಟಿಯನ್ನು ಒಳಗೆಳೆದುಕೊಂಡೇ ಮನೆಗೆ ಬಂದಳು. ಅಂದಿನಿಂದ ನಾಲ್ಕು ಜನರ ಮುಂದೆ ತುಟಿ ಕಚ್ಚಿಕೊಂಡಿರುವುದು ಅವಳಿಗೆ ಅಭ್ಯಾಸವಾಯಿತು. ನಾವು ವೈದ್ಯರೊಬ್ಬರ ಬಳಿಗೆ ಕರೆದೊಯ್ದೆವು. ಅವರು ಎರಡು ನಿಮಿಷ ನೋಡಿ, ಬಿಸಿಲಿಗೆ ಬರುವ ಮಚ್ಚೆಗಳಿವು ಎಂದು ಮುಲಾಮೊಂದನ್ನು ಬರೆದುಕೊಟ್ಟರು. ಬಿಸಿಲಿಗೆ ಬರುವ ಮಚ್ಚೆ ಬಾಯಿಯ ಒಳಗೆ, ಕೆನ್ನೆಯ ಒಳಮೈಯಲ್ಲಿ ಹೇಗೆ ಬರುತ್ತದೆ ಎಂದು ನಮಗೆ ಅಂದು ಕೇಳಲು ತೋಚಲಿಲ್ಲ. ಅಸಲಿಗೆ ನಾವು ಅವಳ ಬಾಯಿಯ ಒಳಗೆ ನೋಡಿಯೇ ಇರಲಿಲ್ಲ. ನಮಗಿದ್ದ ಚಿಂತೆ ಮುಖದ ಅಂದದ್ದು. ಹೆಣ್ಣು ಮಗು, ನಾಳೆ ಯಾರು ನೋಡಲು ಬಂದಾರು ಎಂಬ ಚಿಂತೆ. ಐದು ವರ್ಷದ ಮಗುವಿನ ಬಗ್ಗೆ!

ಏಳನೆಯ ವರ್ಷದಲ್ಲಿ ಅವಳ ಎದೆಯಲ್ಲಿ ಬೆಳವಣಿಗೆ ಕಾಣಿಸಿತು. ವಾರಿಗೆಯ ಮಕ್ಕಳಿಗಿಂತ ಒಂದು ಗೇಣು ಎತ್ತರವಾಗಿದ್ದಳು. ರಮಝಾನ್‌ಗೆ ಇನ್ನು ಎರಡು ವಾರವಿದೆ ಎನ್ನುವಾಗ ಒಂದು ಮುಂಜಾನೆ ಅವಳ ಬಟ್ಟೆಯ ಮೇಲೆ ರಕ್ತದ ಕಲೆ ಇತ್ತು. ಬಿದ್ದು ಪೆಟ್ಟು ಮಾಡಿಕೊಂಡಿದ್ದಾಳೆಂದು ನಾವು ಮೊದಲು ಭಾವಿಸಿದೆವು. ಪೆಟ್ಟಿನ ಗುರುತಿರಲಿಲ್ಲ.

ಅಜ್ಜಿ ಅದನ್ನು ತಮ್ಮ ರೀತಿಯಲ್ಲಿ ಅರ್ಥ ಮಾಡಿಕೊಂಡರು. ಮಗು ದೊಡ್ಡವಳಾಗಿದ್ದಾಳೆ, ಈ ವರ್ಷದಿಂದ ನಮಾಝ್ ಮತ್ತು ಉಪವಾಸ ಅವಳ ಮೇಲೆ ಕಡ್ಡಾಯ, ಇನ್ನು ಹೊರಗೆ ಆಡಲು ಬಿಡಬೇಡಿ ಎಂದರು. ಈಗಿನ ಆಹಾರದಿಂದ, ಅಂಗಡಿಯ ಕೋಳಿ ಮಾಂಸದಿಂದ ಹೀಗಾಗುತ್ತದೆ ಎಂದು ನೆರೆಮನೆಯವರೂ ಸೇರಿಸಿದರು. ನಮಗೂ ಒಂದು ಕ್ಷಣ ಅದನ್ನೇ ನಂಬುವ ಆಸೆಯಾಯಿತು. ನಂಬಿದ್ದರೆ ಆಸ್ಪತ್ರೆಗೆ ಹೋಗುವ ಅಗತ್ಯವಿರಲಿಲ್ಲವಲ್ಲ.

ಉಪವಾಸದ ಪ್ರಶ್ನೆಯನ್ನು ಕೇಳಲೆಂದೇ ನಾವು ಮಸೀದಿಯ ಉಸ್ತಾದರ ಬಳಿಗೆ ಹೋದೆವು. ಅವರು ಮೊದಲು ಕೇಳಿದ್ದು ಮಗುವಿನ ಹುಟ್ಟಿದ ದಿನಾಂಕ. ಬೆರಳಲ್ಲಿ ಲೆಕ್ಕ ಹಾಕಿ, ನಮ್ಮ ಮದ್‌ಹಬ್‌ನ ಗ್ರಂಥಗಳ ಪ್ರಕಾರ ಸುಮಾರು ಒಂಬತ್ತು ಚಾಂದ್ರವರ್ಷ ತುಂಬುವ ಮೊದಲು ಕಾಣುವ ರಕ್ತವು ಹೈಳ್ ಅಲ್ಲ, ಅದು ರೋಗದ ರಕ್ತ, ಅದರಿಂದ ಮಗು ಪ್ರಾಯಕ್ಕೆ ಬಂದಳೆಂದಾಗುವುದಿಲ್ಲ ಎಂದರು. ಬಳಿಕ ಸ್ವಲ್ಪ ತಡೆದು, "ನೀವು ನನ್ನ ಹತ್ತಿರ ಬಂದದ್ದು ಸರಿ. ಆದರೆ ನಾನು ಅದನ್ನು ರೋಗದ ರಕ್ತ ಎಂದಮೇಲೆ ಇಲ್ಲಿ ಕುಳಿತಿರುವುದು ಸರಿಯಲ್ಲ. ನಾಳೆಯೇ ವೈದ್ಯರಿಗೆ ತೋರಿಸಿ" ಎಂದರು. ಶತಮಾನಗಳ ಹಿಂದೆ ಯಂತ್ರವಿಲ್ಲ, ಸ್ಕ್ಯಾನ್ ಇಲ್ಲ. ಆದರೂ ಆ ವಿದ್ವಾಂಸರು ಹೆಂಗಸರನ್ನು ವಿಚಾರಿಸಿ, ಎಳೆಯ ಮಗುವಿನ ರಕ್ತಕ್ಕೂ ಪ್ರಾಯದ ರಕ್ತಕ್ಕೂ ನಡುವೆ ಒಂದು ಗೆರೆ ಎಳೆದಿದ್ದರು. ನಮ್ಮ ಮಗಳು ಆ ಗೆರೆಯ ಈಚೆಗಿದ್ದಳು.

ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಮಕ್ಕಳ ಹಾರ್ಮೋನ್ ತಜ್ಞೆ ಅವಳನ್ನು ಪರೀಕ್ಷಿಸಿದರು. ಎಡಗೈಯ ಎಕ್ಸ್‌ರೇ ತೆಗೆಸಿದರು. ಮೂಳೆಗಳ ಪ್ರಾಯ ಮಗುವಿನ ಪ್ರಾಯಕ್ಕಿಂತ ಬಹಳ ಮುಂದಿತ್ತು. ರಕ್ತದಲ್ಲಿ ಈಸ್ಟ್ರೋಜನ್ ಎಂಬ ಸ್ತ್ರೀ ಹಾರ್ಮೋನಿನ ಮಟ್ಟ ಆ ಪ್ರಾಯಕ್ಕೆ ಸಲ್ಲದಷ್ಟು ಏರಿತ್ತು. ಹೆಣ್ಣುಮಕ್ಕಳಲ್ಲಿ ಎಂಟು ವರ್ಷಕ್ಕೆ ಮುಂಚೆ ಎದೆ ಬೆಳೆಯತೊಡಗಿದರೆ ಅದನ್ನು ಅಕಾಲಿಕವೆಂದು ಪರಿಗಣಿಸಿ ಕಾರಣ ಹುಡುಕಬೇಕಂತೆ. ಸ್ಕ್ಯಾನ್‌ನಲ್ಲಿ ಒಂದು ಅಂಡಾಶಯದಲ್ಲಿ ಗೆಡ್ಡೆ ಕಂಡಿತು.

ವರದಿಯನ್ನು ಮೇಜಿನ ಮೇಲಿಟ್ಟು ಆ ವೈದ್ಯೆ ಮಗಳ ಕಡೆಗೆ ತಿರುಗಿದರು. ಅವಳು ಎಂದಿನಂತೆ ತುಟಿ ಕಚ್ಚಿಕೊಂಡು ಕುಳಿತಿದ್ದಳು. "ತುಟಿ ಬಿಡಮ್ಮ" ಎಂದರು. ಟಾರ್ಚ್ ಹಿಡಿದು ಬಾಯಿ ತೆರೆಸಿ ಕೆನ್ನೆಯ ಒಳಭಾಗವನ್ನು ನೋಡಿದರು, ಕೈಬೆರಳುಗಳನ್ನು ನೋಡಿದರು, ಚಪ್ಪಲಿ ಕಳಚಿಸಿ ಅಂಗಾಲನ್ನು ನೋಡಿದರು. ಬಳಿಕ ಯಾವ ಮುನ್ಸೂಚನೆಯೂ ಇಲ್ಲದೆ ಅದೇ ಟಾರ್ಚನ್ನು ತಾಯಿಯ ಕಡೆಗೆ ಹಿಡಿದು, "ನೀವೂ ಬಾಯಿ ತೆರೆಯಿರಿ" ಎಂದರು. ನಿಖಾಬ್ ಸರಿಸಿ ತಾಯಿ ಬಾಯಿ ತೆರೆದಳು. ತುಟಿಯ ಮೇಲೆ ಏನೂ ಇರಲಿಲ್ಲ, ಎಲ್ಲವೂ ಮಾಸಿಹೋಗಿತ್ತು. ಆದರೆ ಕೆನ್ನೆಯ ಒಳಮೈಯಲ್ಲಿ, ಮೂವತ್ತನಾಲ್ಕು ವರ್ಷಗಳಲ್ಲಿ ಅವಳಾಗಲಿ ಅವಳ ಗಂಡನಾಗಲಿ ಎಂದೂ ನೋಡದಿದ್ದ ಜಾಗದಲ್ಲಿ, ಅದೇ ಚುಕ್ಕೆಗಳಿದ್ದವು.

ರೋಗದ ಹೆಸರು ಪ್ಯೂಟ್ಸ್-ಜೆಗರ್ಸ್ ಸಿಂಡ್ರೋಮ್. 50,000ದಿಂದ 2,00,000 ಜನನಗಳಲ್ಲಿ ಒಬ್ಬರಿಗೆ ಎಂದು ಹೇಳುವಷ್ಟು ಅಪರೂಪದ್ದು. ಅದು ಚರ್ಮದಲ್ಲಿ ಚುಕ್ಕೆಯಾಗಿ, ಕರುಳಿನಲ್ಲಿ ಪಾಲಿಪ್ ಎಂಬ ಮಾಂಸದ ಗಂಟುಗಳಾಗಿ, ಹೆಂಗಸರ ಅಂಡಾಶಯದಲ್ಲಿ ವಿಶೇಷ ಬಗೆಯ ಗೆಡ್ಡೆಗಳಾಗಿ ತೋರುತ್ತದೆ. ಮೂರೂ ಒಂದೇ ಬೇರಿನವು. ಆ ಬೇರು 19ನೆಯ ವರ್ಣತಂತುವಿನ ಮೇಲಿರುವ ಎಸ್‌ಟಿಕೆ11 ಎಂಬ ಜೀನ್‌ನಲ್ಲಿದೆ ಎಂಬುದು 1998ರಲ್ಲಿ ಪತ್ತೆಯಾಯಿತು. ಜೀವಕೋಶಗಳ ಬೆಳವಣಿಗೆಗೆ ಕಡಿವಾಣ ಹಾಕುವುದು ಆ ಜೀನ್‌ನ ಕೆಲಸಗಳಲ್ಲೊಂದು.

ವಿಜ್ಞಾನಕ್ಕೂ ಇದು ಮೊದಲು ಕಂಡದ್ದು ತುಟಿಯ ಮೇಲೆಯೇ. 1896ರಲ್ಲಿ ಲಂಡನ್ನಿನ ವೈದ್ಯ ಜೊನಾಥನ್ ಹಚಿನ್ಸನ್ ಅವಳಿ ಸಹೋದರಿಯರಿಬ್ಬರ ತುಟಿಯ ಕಪ್ಪು ಚುಕ್ಕೆಗಳ ಚಿತ್ರವನ್ನು ಪ್ರಕಟಿಸಿದರು. ವಿಚಿತ್ರವಾದ ಬಣ್ಣವೆಂದು ದಾಖಲಾಯಿತೇ ಹೊರತು ಅದರಾಚೆಗೆ ಯಾರೂ ಹೋಗಲಿಲ್ಲ. ಆ ಅವಳಿಗಳಲ್ಲಿ ಒಬ್ಬಳು ಇಪ್ಪತ್ತರ ಪ್ರಾಯದಲ್ಲಿ ಕರುಳಿನ ತೊಂದರೆಯಿಂದ ತೀರಿಕೊಂಡಳು, ಇನ್ನೊಬ್ಬಳು 52ರಲ್ಲಿ ಸ್ತನದ ಕ್ಯಾನ್ಸರಿನಿಂದ. ನೆದರ್‌ಲ್ಯಾಂಡ್ಸ್‌ನ ವೈದ್ಯ ಯೋಹಾನೆಸ್ ಪ್ಯೂಟ್ಸ್ 1921ರಲ್ಲಿ ಒಂದೇ ಕುಟುಂಬದ ಹಲವರಲ್ಲಿ ಚುಕ್ಕೆಯೂ ಕರುಳಿನ ಗಂಟೂ ಜೊತೆಗಿರುವುದನ್ನು ಗುರುತಿಸಿದರು. ಅಮೆರಿಕದ ಹೆರಾಲ್ಡ್ ಜೆಗರ್ಸ್ ಮತ್ತು ಅವರ ಜೊತೆಗಾರರು 1949ರಲ್ಲಿ ಹತ್ತು ರೋಗಿಗಳ ವಿವರವನ್ನು ಪ್ರಕಟಿಸಿದರು. ಅಂಡಾಶಯದ ಗೆಡ್ಡೆಯನ್ನು ಪ್ರತ್ಯೇಕವಾಗಿ ವಿವರಿಸಿದ್ದು ರಾಬರ್ಟ್ ಸ್ಕಲ್ಲಿ ಎಂಬವರು, 1970ರಲ್ಲಿ. ಸೂಕ್ಷ್ಮದರ್ಶಕದಲ್ಲಿ ಉಂಗುರದಾಕಾರದ ನಳಿಕೆಗಳಂತೆ ಕಾಣುವ ಗೆಡ್ಡೆಯದು. ಈ ಸಿಂಡ್ರೋಮ್ ಇರುವ ಹೆಂಗಸರಲ್ಲಿ ಅದು ಸಾಮಾನ್ಯವಾಗಿ ತೀರಾ ಚಿಕ್ಕದು, ಎರಡೂ ಅಂಡಾಶಯಗಳಲ್ಲಿ ಇರುವಂಥದು, ಬಹುತೇಕ ನಿರಪಾಯಕಾರಿ. ಆದರೆ ಕೆಲವೊಮ್ಮೆ ಈಸ್ಟ್ರೋಜನನ್ನು ಉಕ್ಕಿಸುತ್ತದೆ. ಏಳು ವರ್ಷದ ಮಗುವಿನ ಶರೀರ ಆ ಹಾರ್ಮೋನಿನ ಆಜ್ಞೆಯನ್ನು ಪಾಲಿಸುತ್ತದೆ.

ಇಷ್ಟು ಓದಿ, ತುಟಿಯ ಮೇಲೆ ಒಂದು ಚುಕ್ಕೆ ಇದ್ದವರೆಲ್ಲ ಗಾಬರಿಪಡಬೇಕಾಗಿಲ್ಲ. ಯಾವ ರೋಗವೂ ಇಲ್ಲದೆ ತುಟಿಯಲ್ಲಿ ಮಚ್ಚೆ ಇರುವವರು ಎಷ್ಟೋ ಜನ. ಬಿಸಿಲಿನ ಮಚ್ಚೆಗಳು ಕೆನ್ನೆ-ಮೂಗಿನ ಮೇಲೆ ಹರಡಿ ತುಟಿಯ ಬಳಿ ವಿರಳವಾಗುತ್ತವೆ, ಬಾಯಿಯೊಳಗೆ ಬರುವುದಿಲ್ಲ. ಈ ರೋಗದ ಚುಕ್ಕೆಗಳು ಅದಕ್ಕೆ ವಿರುದ್ಧ: ಅವು ತುಟಿಯ ಅಂಚನ್ನು ದಾಟಿ ಹೋಗುತ್ತವೆ, ಬಾಯಿಯೊಳಗೆ ಇಳಿಯುತ್ತವೆ, ಬೆರಳು, ಅಂಗೈ, ಅಂಗಾಲು, ಗುದದ್ವಾರದ ಸುತ್ತ ಕಾಣಿಸುತ್ತವೆ. ಹೆಚ್ಚಾಗಿ ಐದು ವರ್ಷದೊಳಗೆ ಮೂಡುತ್ತವೆ. ಪ್ರಾಯಕ್ಕೆ ಬಂದ ಬಳಿಕ ತುಟಿಯ ಮೇಲಿನವು ಮಾಸುತ್ತವೆ, ಕೆನ್ನೆಯ ಒಳಗಿನವು ಉಳಿಯುತ್ತವೆ. ಚುಕ್ಕೆಗಳಿಂದ ನೋವಿಲ್ಲ, ತುರಿಕೆಯಿಲ್ಲ. ಅವು ತಾವಾಗಿ ಕ್ಯಾನ್ಸರ್ ಆಗುವುದೂ ಇಲ್ಲ. ಇಡೀ ರೋಗದಲ್ಲಿ ನಿರುಪದ್ರವಿಯಾದ ಭಾಗ ಅದೊಂದೇ. ಹೊರಗೆ ಕಾಣುವ ಭಾಗವೂ ಅದೊಂದೇ. ನಾವು ಐದು ವರ್ಷ ಒರೆಸಲು ಹೊರಟಿದ್ದು ಅದನ್ನೇ.

ವೈದ್ಯೆ ಒಂದು ಕಾಗದದ ಮೇಲೆ ವಂಶವೃಕ್ಷ ಬರೆಯತೊಡಗಿದರು. ಯಾರಿಗೆ ಚುಕ್ಕೆ ಇತ್ತು, ಯಾರಿಗೆ ಹೊಟ್ಟೆನೋವು, ಯಾರು ಎಷ್ಟನೆಯ ಪ್ರಾಯದಲ್ಲಿ ತೀರಿಕೊಂಡರು ಎಂದು ಕೇಳಿದರು. ತಾಯಿಗೆ ಮಾತು ಹೊರಡಲಿಲ್ಲ. ಅವಳ ಚಿಕ್ಕಮ್ಮ, ಅಜ್ಜಿಯ ತಂಗಿ, ಚೊಚ್ಚಲ ಬಾಣಂತನದ ಕೆಲವೇ ತಿಂಗಳ ಬಳಿಕ ಇಪ್ಪತ್ತಾರರ ಪ್ರಾಯದಲ್ಲಿ ತೀರಿಕೊಂಡಿದ್ದರು. ಬಾಲ್ಯದಿಂದಲೂ ಆಗಾಗ ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗುತ್ತಿದ್ದವರು. ವಾಯು ಎಂದು ಓಮದ ನೀರು ಕುಡಿಸುತ್ತಿದ್ದರು. ಕೊನೆಯ ಸಲ ಮೂರು ದಿನ ವಾಂತಿ ನಿಲ್ಲದೆ ಆಸ್ಪತ್ರೆಗೆ ಸಾಗಿಸುವಾಗ ತಡವಾಗಿತ್ತು. ಹೊಟ್ಟೆ ಕೊಯ್ದು ನೋಡಿದಾಗ ಕರುಳು ಕೊಳೆತಿತ್ತು ಎಂಬಷ್ಟು ಮಾತ್ರ ಮನೆಯವರಿಗೆ ತಿಳಿದಿತ್ತು. ಪಾಲಿಪ್ ದೊಡ್ಡದಾದರೆ ಕರುಳು ಅದನ್ನು ಆಹಾರವೆಂದು ತಿಳಿದು ಮುಂದಕ್ಕೆ ತಳ್ಳುತ್ತದೆ. ಗಂಟು ಹೋಗುವಾಗ ತಾನು ಅಂಟಿಕೊಂಡ ಕರುಳನ್ನೂ ಎಳೆದೊಯ್ದು, ಅಂಗಿಯ ತೋಳು ಒಳಮುಖವಾಗಿ ಮಡಚಿಕೊಂಡಂತೆ, ಕರುಳಿನೊಳಗೆ ಕರುಳು ಸಿಕ್ಕಿಕೊಳ್ಳುತ್ತದೆ. ರಕ್ತಸಂಚಾರ ನಿಲ್ಲುತ್ತದೆ. ಇದರ ನಿಗಾ ಇಡದಿದ್ದರೆ ಈ ರೋಗವಿರುವವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಇಪ್ಪತ್ತು ವರ್ಷದೊಳಗೆ ಇಂಥದೊಂದು ಸಂದರ್ಭ ಬರುತ್ತದೆ ಎಂದು ವೈದ್ಯೆ ಹೇಳಿದರು.

ಆ ರಾತ್ರಿ ಅಜ್ಜಿಯ ಮುಂದೆ ಕುಳಿತು ಕೇಳಿದೆವು. "ಉಮ್ಮ, ಚಿಕ್ಕಮ್ಮನ ತುಟಿಯಲ್ಲೂ ಇತ್ತೇ?" ಬಹಳ ಹೊತ್ತು ಅವರು ತಸ್ಬೀಹ್ ಎಣಿಸುತ್ತಲೇ ಇದ್ದರು. ಬಳಿಕ ಹೇಳಿದರು: ಇತ್ತು. ತಮಗೂ ಇತ್ತು. ತಮ್ಮ ಉಮ್ಮನಿಗೂ ಇತ್ತು. ಮದುವೆಗೆ ಮುಂಚೆ ಯಾರಿಗೂ ಹೇಳಬಾರದೆಂದು ಅವರ ಉಮ್ಮ ಇಬ್ಬರು ಹೆಣ್ಣುಮಕ್ಕಳಿಂದಲೂ ಮಾತು ತೆಗೆದುಕೊಂಡಿದ್ದರು. ತಂಗಿಯ ತುಟಿಯ ಬಣ್ಣ ತಡವಾಗಿಯಾದರೂ ಮಾಸಿದ ವರ್ಷವೇ ನಿಶ್ಚಿತಾರ್ಥ ಮಾಡಿದ್ದರು. "ಅವಳ ಆಯುಸ್ಸು ಅಷ್ಟೇ ಇತ್ತು" ಎಂದು ಅಜ್ಜಿ ಕಣ್ಣೊರೆಸಿಕೊಂಡರು.

ಆಯುಸ್ಸು ಅಲ್ಲಾಹನ ಕೈಯಲ್ಲಿದೆ ಎಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಶಾಮ್ ದೇಶದಲ್ಲಿ ಪ್ಲೇಗ್ ಹಬ್ಬಿದೆಯೆಂದು ತಿಳಿದಾಗ ಖಲೀಫಾ ಉಮರ್(ರ) ಸರ್ಘ್ ಎಂಬಲ್ಲಿಂದ ಸೇನೆಯೊಂದಿಗೆ ಹಿಂದಿರುಗಿದ ಘಟನೆ ನಮಗೆಲ್ಲ ಗೊತ್ತು. ಅಲ್ಲಾಹನ ವಿಧಿಯಿಂದ ಓಡಿಹೋಗುತ್ತೀರಾ ಎಂದು ಅಬೂ ಉಬೈದಾ(ರ) ಕೇಳಿದಾಗ, ಹಿಂದಿರುಗುವುದೂ ಅವನ ವಿಧಿಯೇ ಎಂಬರ್ಥದ ಉತ್ತರವನ್ನು ಅವರು ಕೊಟ್ಟಿದ್ದರು. ಆ ಚಿಕ್ಕಮ್ಮನಿಗೆ ಹಿಂದಿರುಗುವ ದಾರಿ ಇದೆಯೆಂದು ಹೇಳುವವರು ಯಾರೂ ಇರಲಿಲ್ಲ. ನಮ್ಮಲ್ಲಿ ದುಃಖ ಉಳಿದಿರುವುದು ಅದಕ್ಕೆ. ಅಜ್ಜಿಯ ಮೇಲೆ ಕೋಪವಿಲ್ಲ. ಅಂದು ಅವರ ಉಮ್ಮನಿಗೆ ತಿಳಿದಿದ್ದದ್ದು ಇಷ್ಟೇ: ಹೆಣ್ಣುಮಕ್ಕಳ ತುಟಿಯಲ್ಲಿ ಕಲೆ ಇದೆ, ಕಲೆಯನ್ನು ಮುಚ್ಚಬೇಕು.

ಮಗಳ ಶಸ್ತ್ರಚಿಕಿತ್ಸೆ ಆ ರಮಝಾನ್‌ನಲ್ಲೇ ಆಯಿತು. ಒಂದು ಅಂಡಾಶಯವನ್ನು ತೆಗೆಯಬೇಕಾಯಿತು. ಇನ್ನೊಂದು ಉಳಿದಿದೆ, ಅದರ ಮೇಲೆ ನಿಗಾ ಇದೆ. ಅಲ್‌ಹಮ್ದುಲಿಲ್ಲಾಹ್, ಗೆಡ್ಡೆ ನಿರಪಾಯಕಾರಿಯಾಗಿತ್ತು. ಕೆಲವು ತಿಂಗಳಲ್ಲಿ ರಕ್ತ ನಿಂತು, ಶರೀರ ಮತ್ತೆ ಮಗುವಿನ ಶರೀರದಂತಾಯಿತು. ಅವಳ ತಮ್ಮನ ರಕ್ತವನ್ನೂ ಪರೀಕ್ಷೆಗೆ ಕಳುಹಿಸಿದೆವು. ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ, ಗಂಡಾದರೂ ಹೆಣ್ಣಾದರೂ. ಅವನಿಗೆ ಇಲ್ಲ. ಅದನ್ನು ಕೇಳಿ ಮಗಳು, "ಅವನಿಗೆ ಇಲ್ಲದಿದ್ದುದು ಒಳ್ಳೆಯದಾಯಿತು, ಅವನು ಸೂಜಿಗೆ ಅಳುತ್ತಾನೆ" ಎಂದಳು.

ತಾಯಿಯ ವಿಷಯದಲ್ಲಿ ಹೇಳುವುದು ಸ್ವಲ್ಪ ಹೆಚ್ಚಿದೆ. ಹಲವು ವರ್ಷಗಳಿಂದ ಅವಳಿಗೆ ರಕ್ತಹೀನತೆ ಇತ್ತು. ಹೆಂಗಸರಿಗೆ ಇದ್ದದ್ದೇ ಎಂದು ಕಬ್ಬಿಣದ ಮಾತ್ರೆ ತಿನ್ನುತ್ತಿದ್ದಳು. ಎಂಡೋಸ್ಕೋಪಿ ಮಾಡಿದಾಗ ಕರುಳಿನಲ್ಲಿ ಹಲವು ಪಾಲಿಪ್‌ಗಳಿದ್ದವು, ಅವುಗಳಿಂದ ರಕ್ತ ಜಿನುಗುತ್ತಿತ್ತು. ದೊಡ್ಡದನ್ನೆಲ್ಲ ಅಲ್ಲೇ ತೆಗೆದರು. ಈ ರೋಗವಿರುವ ಹೆಂಗಸರಿಗೆ ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರಿನ ಅಪಾಯವೂ ಇತರರಿಗಿಂತ ಹೆಚ್ಚು. ಆದ್ದರಿಂದ ಅವುಗಳ ತಪಾಸಣೆಯೂ ನಿಯಮಿತವಾಗಿ ಆಗಬೇಕು. ಅವಳು ಮೊದಲ ಸಲ ಹೋಗಲು ಒಪ್ಪಲೇ ಇಲ್ಲ. ಹಯಾ ಅಡ್ಡ ಬಂತು. ವೈದ್ಯೆಯೇ ಪರೀಕ್ಷಿಸುತ್ತಾರೆ ಎಂದರೂ ಎರಡು ಸಲ ದಿನಾಂಕ ಮುಂದೂಡಿದಳು. ಮಗಳು ಶಸ್ತ್ರಚಿಕಿತ್ಸೆಯ ಗಾಯ ತೋರಿಸಿ, "ನಾನು ಎಲ್ಲರಿಗೂ ತೋರಿಸಲಿಲ್ಲವೇ ಉಮ್ಮ?" ಎಂದು ಕೇಳಿದ ಮೇಲೆ ಹೊರಟಳು. ಚಿಕಿತ್ಸೆಯ ಅಗತ್ಯಕ್ಕೆ ಶರೀಅತ್ ಎಷ್ಟು ವಿಶಾಲವಾಗಿ ದಾರಿ ಬಿಟ್ಟಿದೆ ಎಂಬುದು ನಮಗೆ ತಿಳಿಯದ ವಿಷಯವೇನಲ್ಲ. ತಿಳಿದಿದ್ದರೂ ಕಾಲು ಮುಂದೆ ಹೋಗುವುದಿಲ್ಲ.

ಈ ಬರಹಕ್ಕೆ ಕಾರಣವಾದದ್ದು ಅದರ ನಂತರದ ಸಂಗತಿ. ತಾಯಿಯ ಅಕ್ಕನಿಗೆ ಒಬ್ಬ ಮಗಳಿದ್ದಾಳೆ. ಬಿ.ಕಾಂ. ಮುಗಿಸಿದ್ದಾಳೆ, ಇಪ್ಪತ್ತೆರಡರ ಪ್ರಾಯ. ಅವಳ ತುಟಿಯ ಚುಕ್ಕೆಗಳು ಇನ್ನೂ ಪೂರ್ತಿ ಮಾಸಿಲ್ಲ. ನಮ್ಮ ಮನೆಯ ವಿಷಯ ತಿಳಿದ ತಕ್ಷಣ ಅಕ್ಕನಿಗೆ ಫೋನ್ ಮಾಡಿ ಪರೀಕ್ಷೆ ಮಾಡಿಸಲು ಹೇಳಿದೆವು. ಅಕ್ಕ ಮೊದಲು ಕೇಳಿದ್ದು, "ಇದನ್ನು ಇನ್ನು ಯಾರಿಗೆ ಹೇಳಿದ್ದೀರಿ?" ಎಂದು. ಅವರು ಮಗಳನ್ನು ಕರೆದೊಯ್ದದ್ದು ಲೇಸರ್ ಮಾಡುವ ಚರ್ಮದ ಕ್ಲಿನಿಕ್ಕಿಗೆ. ಹೆಣ್ಣು ನೋಡುವವರು ಬರುವವರಿದ್ದರು.

ಹುಡುಗಿಯೇ ನಮಗೆ ಫೋನ್ ಮಾಡಿದಳು. ಲೇಸರ್ ಮಾಡಿಸುವುದು ಅಲ್ಲಾಹನ ಸೃಷ್ಟಿಯನ್ನು ಬದಲಿಸಿದಂತಾಗುತ್ತದೆಯೇ, ಹರಾಮ್ ಆಗುತ್ತದೆಯೇ ಎಂದು ಕೇಳಿದಳು. ಬೇಡವೆನ್ನಲು ಅವಳಿಗೆ ಒಂದು ಕಾರಣ ಬೇಕಾಗಿತ್ತೆಂದು ಕಾಣುತ್ತದೆ. ನಾವು ಉಸ್ತಾದರನ್ನು ವಿಚಾರಿಸಿದೆವು. ಯುದ್ಧದಲ್ಲಿ ಮೂಗು ಕಳೆದುಕೊಂಡಿದ್ದ ಅರ್ಫಜಾ ಎಂಬ ಸಹಾಬಿ ಬೆಳ್ಳಿಯ ಮೂಗನ್ನು ಧರಿಸಿ ಅದು ವಾಸನೆ ಬಂದಾಗ, ಚಿನ್ನದ ಮೂಗು ಮಾಡಿಸಿಕೊಳ್ಳಲು ಪ್ರವಾದಿಯವರು(ಸ) ಹೇಳಿದ್ದನ್ನು ಅವರು ನೆನಪಿಸಿದರು. ಪುರುಷರಿಗೆ ಚಿನ್ನ ನಿಷಿದ್ಧವಾಗಿದ್ದರೂ ಅಲ್ಲಿ ಅನುಮತಿ ದೊರೆಯಿತು. ಮನಸ್ಸಿಗೆ ನೋವು ಕೊಡುವ ಕುಂದನ್ನು ಸರಿಪಡಿಸಿಕೊಳ್ಳುವುದಕ್ಕೆ ಅಡ್ಡಿಯಿಲ್ಲ ಎಂದರು. ನಮ್ಮ ವೈದ್ಯೆಯೂ ಅಡ್ಡಿಯಿಲ್ಲವೆಂದೇ ಹೇಳಿದರು. ಲೇಸರ್‌ನಿಂದ ತುಟಿಯ ಬಣ್ಣ ಹೋಗುತ್ತದೆ, ಅದರಿಂದ ಅಪಾಯವಿಲ್ಲ, ಆದರೆ ಕರುಳಿನಲ್ಲಿರುವುದು ಹೋಗುವುದಿಲ್ಲ. ಆದ್ದರಿಂದ ಬಣ್ಣ ತೆಗೆಯುವ ಮುನ್ನ ಫೋಟೋ ತೆಗೆದು, ರೋಗದ ಹೆಸರನ್ನು ಕಡತದಲ್ಲಿ ಬರೆಸಿಕೊಳ್ಳಲಿ ಎಂದರು. ಮುಂದೊಂದು ದಿನ ಹೊಟ್ಟೆನೋವೆಂದು ಅರ್ಧರಾತ್ರಿ ಯಾವುದೋ ಊರಿನ ಆಸ್ಪತ್ರೆಗೆ ಹೋದಾಗ ಅಲ್ಲಿಯ ವೈದ್ಯರಿಗೆ ಸಿಗುವ ಮೊದಲ ಸುಳಿವು ಆ ತುಟಿಯೇ ಆಗಿರುತ್ತದೆ. ಅದನ್ನು ಅಳಿಸಿದರೆ, ಅದರ ಬದಲು ಹೇಳಲು ಬಾಯಿ ಇರಬೇಕು.

ಆ ಹುಡುಗಿ ಪರೀಕ್ಷೆ ಮಾಡಿಸಿಕೊಂಡಳು. ರೋಗ ಇದೆ. ಸಣ್ಣ ಕರುಳಿನಲ್ಲಿದ್ದ ಎರಡು ಸೆಂಟಿಮೀಟರಿಗಿಂತ ದೊಡ್ಡ ಗಂಟೊಂದನ್ನು ತೆಗೆದರು. ಲೇಸರ್ ಮಾಡಿಸಿಕೊಳ್ಳಲಿಲ್ಲ. ಸದ್ಯಕ್ಕೆ ಬೇಡ ಎಂದಿದ್ದಾಳೆ.

ಮೊದಲು ಬಂದ ಸಂಬಂಧದವರಿಗೆ ವಿಷಯ ಹೇಳಬೇಕೇ ಬೇಡವೇ ಎಂಬುದರ ಮೇಲೆ ಕುಟುಂಬವೇ ಎರಡಾಯಿತು. ಪರರ ಕುಂದನ್ನು ಮುಚ್ಚುವವರ ಕುಂದನ್ನು ಅಲ್ಲಾಹನು ಮುಚ್ಚುತ್ತಾನೆಂದು ಕಲಿತವರು ನಾವೆಲ್ಲ; ಅಕ್ಕ ಅದನ್ನೇ ಎತ್ತಿ ಹೇಳಿದರು. ಆ ಮಾತು ಪಾಪವನ್ನು ಕುರಿತದ್ದು, ರೋಗವನ್ನು ಕುರಿತದ್ದಲ್ಲ ಎಂದು ನಮ್ಮ ವಾದ. ಫಾತಿಮಾ ಬಿಂತ್ ಕೈಸ್(ರ) ತಮಗೆ ಬಂದ ಸಂಬಂಧಗಳ ಬಗ್ಗೆ ಸಲಹೆ ಕೇಳಿದಾಗ ಪ್ರವಾದಿಯವರು(ಸ) ಆ ಇಬ್ಬರು ಪುರುಷರ ಬಗ್ಗೆ ಇದ್ದದ್ದನ್ನು ಇದ್ದಂತೆ ತಿಳಿಸಿದ್ದರು. ಒಬ್ಬರ ಬಡತನ, ಇನ್ನೊಬ್ಬರ ಕಠಿಣ ಸ್ವಭಾವ. ಮದುವೆಯ ವಿಷಯದಲ್ಲಿ ನಿಜ ಹೇಳುವುದು ಪರದೂಷಣೆಯಾಗುವುದಿಲ್ಲವೆಂದು ವಿದ್ವಾಂಸರು ಅದರಿಂದ ತಿಳಿದುಕೊಂಡಿದ್ದಾರೆ. ಆದರೆ ಅಕ್ಕ ಕೇಳಿದ ಮರುಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ: "ಗಂಡಿನ ಮನೆಯವರು ತಮ್ಮ ಕಡೆಯ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ಹೇಳುತ್ತಾರೆಯೇ? ನನ್ನ ಮಗಳೊಬ್ಬಳೇ ಬಾಯಿ ತೆರೆದು ತೋರಿಸಬೇಕೇ?" ಹೇಳುವುದಿಲ್ಲ. ನಮ್ಮ ಊರುಗಳಲ್ಲಿ ಯಾರೂ ಹೇಳುವುದಿಲ್ಲ. ಚಿನ್ನ ಎಷ್ಟು ಪವನು ಎಂದು ಕೇಳುವವರು ಕರುಳಿನ ಕಥೆ ಕೇಳುವುದಿಲ್ಲ. ಹೆಣ್ಣಿನ ತುಟಿಯನ್ನು ಮಾತ್ರ ಬೆಳಕಿಗೆ ಹಿಡಿದು ನೋಡುತ್ತಾರೆ. ಅಕ್ಕನ ಸಿಟ್ಟು ನ್ಯಾಯವಾದದ್ದು. ಆದರೂ ಆ ಸಿಟ್ಟಿಗಾಗಿ ಮಗಳನ್ನು ಮೌನದಲ್ಲಿ ಕಳುಹಿಸಿದರೆ, ಗಂಡನ ಮನೆಯಲ್ಲಿ ಹೊಟ್ಟೆ ಹಿಡಿದುಕೊಂಡು ಮುದುಡಿದ ದಿನ ಆ ಹುಡುಗಿಗೆ ಓಮದ ನೀರೇ ಗತಿ.

ಕೊನೆಗೆ ಹುಡುಗಿ ತಾನೇ ಹೇಳಿದಳು. ದೊಡ್ಡವರೆಲ್ಲ ಕುಳಿತಿದ್ದಲ್ಲಿ ಅಲ್ಲ. ಹುಡುಗನ ತಾಯಿಯನ್ನು ಒಳಕೋಣೆಗೆ ಕರೆದು, ರೋಗದ ಹೆಸರು, ವರ್ಷಕ್ಕೆ ಎಷ್ಟು ತಪಾಸಣೆ, ಮಕ್ಕಳಿಗೆ ಬರುವ ಸಾಧ್ಯತೆ ಎಷ್ಟು ಎಂದು ಎಲ್ಲವನ್ನೂ ತಿಳಿಸಿದಳು. ಅವರು ಚಹಾ ಕುಡಿದು, ಒಳ್ಳೆಯ ಮಾತಾಡಿ ಹೋದರು. ಮತ್ತೆ ಸುದ್ದಿಯಿಲ್ಲ. ಅಕ್ಕ ನಮ್ಮೊಡನೆ ಮೂರು ತಿಂಗಳು ಮಾತಾಡಲಿಲ್ಲ. ಮೊದಲಿಗೆ ಹೇಳಿದ ಒಪ್ಪದ ಹಿರಿಯರು ಅವರೇ. ಅವರು ಇದನ್ನು ಓದುತ್ತಾರೆಂದು ತಿಳಿದೇ ಬರೆಯುತ್ತಿದ್ದೇವೆ.

ಆದರೆ ಇನ್ನೊಂದು ನಡೆಯಿತು. ತೀರಿಕೊಂಡ ಚಿಕ್ಕಮ್ಮನ ಮಗ, ತಾಯಿಯಿಲ್ಲದೆ ಬೆಳೆದವನು, ಈಗ ದುಬೈಯಲ್ಲಿ ಕೆಲಸದಲ್ಲಿದ್ದಾನೆ. ಅಜ್ಜಿ ತಾವಾಗಿಯೇ ಅವನಿಗೆ ಫೋನ್ ಮಾಡಿಸಿದರು. "ಕನ್ನಡಿಯ ಮುಂದೆ ನಿಂತು ಬಾಯಿ ತೆರೆದು ಕೆನ್ನೆಯ ಒಳಗೆ ನೋಡು ಮಗನೇ" ಎಂದರು. ಫೋನಿನ ಆ ಕಡೆ ಬಹಳ ಹೊತ್ತು ಮೌನವಿತ್ತು. ಬಳಿಕ, "ಇದೆ, ದೊಡ್ಡಮ್ಮ" ಎಂದ. ಅವನಿಗೆ ಮೂವರು ಚಿಕ್ಕ ಮಕ್ಕಳಿದ್ದಾರೆ. ಗಂಡಸರಲ್ಲೂ ಕರುಳಿನ ಅಪಾಯ ಅಷ್ಟೇ. ಅವನು ಪರೀಕ್ಷೆಗೆ ಹೋಗಿದ್ದಾನೆ.

ಮಗಳ ತುಟಿಯ ಚುಕ್ಕೆಗಳು ಈ ವರ್ಷ ಸ್ವಲ್ಪ ತಿಳಿಯಾಗುತ್ತಿವೆ. ತುಟಿ ಕಚ್ಚುವ ಅಭ್ಯಾಸ ಇನ್ನೂ ಪೂರ್ತಿ ಹೋಗಿಲ್ಲ. ಈ ರಮಝಾನ್‌ನಲ್ಲಿ ಅವಳು ಮೊದಲ ಬಾರಿಗೆ ಎಲ್ಲ ಉಪವಾಸಗಳನ್ನೂ ಹಿಡಿಯುತ್ತಿದ್ದಾಳೆ. ಮೂರನೆಯ ಸಲದ ಕ್ಯಾಪ್ಸುಲ್ ಪರೀಕ್ಷೆಯನ್ನು ಹಬ್ಬದ ನಂತರಕ್ಕೆ ಇಟ್ಟುಕೊಂಡಿದ್ದೇವೆ. ಮಾತ್ರೆಯಂಥ ಕ್ಯಾಮೆರಾವೊಂದನ್ನು ನುಂಗಬೇಕು, ಅದು ಕರುಳಿನುದ್ದಕ್ಕೂ ಚಿತ್ರ ತೆಗೆಯುತ್ತಾ ತಾನಾಗಿ ಹೊರಗೆ ಹೋಗುತ್ತದೆ. ಕ್ಯಾಮೆರಾ ನುಂಗಿದರೆ ನೋಂಬು ಮುರಿಯುತ್ತದೆಯೇ ಎಂದು ಅವಳು ಉಸ್ತಾದರನ್ನು ಕೇಳಿದಳು. ಮುರಿಯುತ್ತದೆ ಎಂದು ಹೇಳಿ ಅವರು ನಕ್ಕರು.

ಅಕ್ಕನ ಮಗಳಿಗೆ ಉಳ್ಳಾಲದ ಕಡೆಯಿಂದ ಇನ್ನೊಂದು ಸಂಬಂಧ ಬಂದಿದೆ. ಅವಳು ಅವರಿಗೂ ಹೇಳಿದ್ದಾಳೆ. ತಮಗೆ ಪರಿಚಯದ ವೈದ್ಯರೊಬ್ಬರಲ್ಲಿ ಕೇಳಿ ತಿಳಿಸುತ್ತೇವೆ ಎಂದು ಹುಡುಗನ ಮನೆಯವರು ಎರಡು ವಾರ ಸಮಯ ಕೇಳಿದ್ದಾರೆ. ಇಂದಿಗೆ ಒಂಬತ್ತು ದಿನವಾಯಿತು.